ಅಂಗವೈಕಲ್ಯ ಪಿಂಚಣಿ ಇಲ್ಲವೆಂದರೆ ಮುಂದೇನು?

ಸೇನೆಯಲ್ಲಿದ್ದಾಗ ಕಾಯಿಲೆ ಬಿದ್ದ ಮಾಜಿ ಸೈನಿಕರು ಅಂಗವೈಕಲ್ಯ ಪಿಂಚಣಿ ಕೇಳಿದರೆ, ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂಬ ಒಂದು ಸಾಲಿನ ಉತ್ತರ ಬರುವುದುಂಟು. ಅಷ್ಟಕ್ಕೇ ಕೈಚೆಲ್ಲಬೇಡಿ.

ಮೊದಲು, ಬಿಡುಗಡೆ ವೇಳೆಯ ವೈದ್ಯಕೀಯ ಮಂಡಳಿಯ ವರದಿ ಪಡೆಯಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ವೈಕಲ್ಯ ಶೇಕಡಾ ಎಷ್ಟು, ಸೇವೆಗೆ ಸಂಬಂಧವಿಲ್ಲ ಎನ್ನಲು ಕಾರಣ ಬರೆದಿದ್ದಾರೆಯೇ ನೋಡಿ.

ಇದು ಯಾಕೆ ಮುಖ್ಯ? ಮೂರ್ಛೆರೋಗದಿಂದ ಸೇನೆ ಬಿಡಬೇಕಾದ ಧರಮ್‌ವೀರ್ ಸಿಂಗ್ ಅವರ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಸೇರುವಾಗ ದಾಖಲೆಯಲ್ಲಿಲ್ಲದ ಕಾಯಿಲೆ ಸೇವೆಯಿಂದಲೇ ಬಂದಿದೆಯೆಂದು ಭಾವಿಸಬೇಕು, ಅಲ್ಲವೆನ್ನುವ ಮಂಡಳಿ ಕಾರಣ ಕೊಡಬೇಕು. ಆದರೆ ನೆನಪಿಡಿ, 2023ರ ಸೆಪ್ಟೆಂಬರ್ 21ರಿಂದೀಚೆಗೆ ನಿವೃತ್ತರಾದವರಿಗೆ ಹೊಸ ನಿಯಮಗಳಿವೆ. ಅವರು ಅವನ್ನು ಓದಿಕೊಂಡೇ ವಾದ ಮಂಡಿಸಬೇಕು.

ತಿರಸ್ಕಾರ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಿ. ಅದೂ ಬಿದ್ದರೆ ಎರಡನೆಯದು. ಆಮೇಲೆ 2007ರ ಕಾಯ್ದೆಯಂತೆ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅಲ್ಲಿಗೂ ಅಂತಿಮ ಆದೇಶದಿಂದ ಆರು ತಿಂಗಳ ಗಡುವು. ತಡವಾದರೆ ಸರಿಯಾದ ಕಾರಣ ತೋರಿಸಿ ಕ್ಷಮೆ ಕೋರಬಹುದು. ದೆಹಲಿ, ಮುಂಬೈ, ಚೆನ್ನೈಗಳಲ್ಲಿ ಪೀಠಗಳಿವೆ. ಪುಣೆಯವರು ಮುಂಬೈಗೆ, ಹೈದರಾಬಾದಿನವರು ಚೆನ್ನೈಗೆ ಹೋಗಬೇಕು. ವಕೀಲರಿಲ್ಲದೆ ನೀವೇ ವಾದಿಸಲೂ ಅವಕಾಶವಿದೆ.

ನಿಮ್ಮ ಪಕ್ಕದ ಮನೆಯ ಮಾಜಿ ಸೈನಿಕರೊಬ್ಬರು ಇಂಥ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಿರಬಹುದು. ಈ ವಿಷಯ ಅವರ ಕಿವಿಗೂ ಹಾಕಿ.