ಎಲ್ಲರೂ ಮೆಚ್ಚಿದ ಯೆಜ್ಡಿ ನಿಂತುಹೋದದ್ದೇಕೆ?

ವಾಹನಪ್ರಿಯರ ಮಾತು ಎಲ್ಲಿ ಶುರುವಾದರೂ ಕೊನೆಗೆ ಮೂರು ವಿಷಯಗಳಿಗೆ ಬಂದು ನಿಲ್ಲುತ್ತದೆ: ಗಾಡಿಯ ವಿನ್ಯಾಸ, ಅದರ ನಿರ್ವಹಣೆ ಮತ್ತು ಕಂಪನಿ ಮಾಡಿದ ತಪ್ಪು. ಈ ಮೂರನ್ನೂ ಒಟ್ಟಿಗೆ ತಿಳಿಯಲು ನಮ್ಮ ರಾಜ್ಯದಲ್ಲೇ ತಯಾರಾದ ಯೆಜ್ಡಿ ಬೈಕ್ ಒಳ್ಳೆಯ ಉದಾಹರಣೆ.

ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ತಂತ್ರಜ್ಞಾನ ಪಡೆದು, 1960ರ ದಶಕದ ಆರಂಭದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬೈಕ್ ತಯಾರಿಸತೊಡಗಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. ರೋಡ್‌ಕಿಂಗ್ ಇದರ ಪ್ರಸಿದ್ಧ ಮಾದರಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅಭಿಮಾನಿಗಳು ತಮ್ಮ ಹಳೆಯ ಬೈಕ್‌ಗಳನ್ನು ತೊಳೆದು ಒರೆಸಿ 'ಜಾವಾ ದಿನ' ಆಚರಿಸುತ್ತಾರೆ.

ಅವರು ಮೊದಲು ಹೊಗಳುವುದು ವಿನ್ಯಾಸದ ಸರಳತೆಯನ್ನು. ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಗಾಡಿ ಚಾಲೂ ಆದ ಮೇಲೆ ಅದೇ ಲಿವರನ್ನು ಮುಂದಕ್ಕೆ ಮಡಚಿ ಗೇರ್ ಹಾಕಬೇಕು. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಎಂಜಿನ್ ಟೂ-ಸ್ಟ್ರೋಕ್ ಆದ್ದರಿಂದ ವಾಲ್ವ್‌ಗಳ ಗೊಡವೆಯಿಲ್ಲ. ಬಿಡಿಭಾಗ ಕಡಿಮೆ; ಸಣ್ಣ ಊರಿನ ಗ್ಯಾರೇಜಿನಲ್ಲೂ ಬಿಚ್ಚಿ ಜೋಡಿಸಬಹುದು.

ನಿರ್ವಹಣೆಯ ತಾಪತ್ರಯಕ್ಕೂ ಈ ಟೂ-ಸ್ಟ್ರೋಕೇ ಕಾರಣ. ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಬೇರೆಯಾಗಿ ಕೆಳಗಿರುತ್ತದೆ. ಇಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ನೀಲಿ ಹೊಗೆ ಬರುತ್ತದೆ, ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಗಾಡಿ ಎಳೆಯುವುದೇ ಇಲ್ಲ. ಆಗ ಸೈಲೆನ್ಸರ್ ಬಿಚ್ಚಿ ಮಸಿ ತೆಗೆಯಬೇಕು. ಇನ್ನೊಂದು ದೋಷವೂ ಇದೆ. ಉರಿದ ಅನಿಲ ಹೊರಹೋಗುವ ಹೊತ್ತಿಗೇ ಹೊಸ ಪೆಟ್ರೋಲ್ ಮಿಶ್ರಣ ಒಳಬರುವುದರಿಂದ ಸ್ವಲ್ಪ ಪೆಟ್ರೋಲ್ ಉರಿಯದೇ ಹೊರಗೆ ಹೋಗುತ್ತದೆ. ಹಣವೂ ಪೋಲು, ಗಾಳಿಯೂ ಹಾಳು.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. 100 ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್, ಆಯಿಲ್ ಬೆರೆಸುವ ಕೆಲಸವಿಲ್ಲ, ಮೈಲೇಜ್ ಬಹಳ ಹೆಚ್ಚು. ದಿನವೂ ಕೆಲಸಕ್ಕೆ ಹೋಗಿಬರುವವನಿಗೆ ಬೇಕಾದದ್ದು ಅದೇ. ಐಡಿಯಲ್ ಜಾವಾ ಸುಮ್ಮನೆ ಕೂತಿರಲಿಲ್ಲ. 350 ಸಿಸಿಯ ಎರಡು ಸಿಲಿಂಡರ್ ಬೈಕನ್ನೂ 175 ಸಿಸಿಯ ಸಣ್ಣ ಬೈಕನ್ನೂ ಮಾರುಕಟ್ಟೆಗೆ ತಂದಿತ್ತು. ಆದರೆ ಅವೂ ಟೂ-ಸ್ಟ್ರೋಕೇ. 1991ರಲ್ಲಿ ಸರ್ಕಾರ ಹೊಗೆ ನಿಯಮ ತಂದಿತು, 1996ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಇದರ ಜೊತೆ ಕಾರ್ಮಿಕರ ವಿವಾದ, ಆರ್ಥಿಕ ಸಂಕಷ್ಟವೂ ಸೇರಿ ಕಾರ್ಖಾನೆಗೆ ಬೀಗ ಬಿತ್ತು. ಅದನ್ನೇ ನಂಬಿದ್ದ ಕುಟುಂಬಗಳಿಗೆ ಇದು ಬರೀ ಒಂದು ಬೈಕಿನ ಕಥೆಯಾಗಿರಲಿಲ್ಲ.

ಕಾರುಗಳಲ್ಲೂ ಹೀಗೇ ಆಯಿತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಅಂಬಾಸಡರ್ ಹೆಚ್ಚು ಬದಲಾಗದೆ ದಶಕಗಳ ಕಾಲ ಓಡಿತು. 1983ರ ಡಿಸೆಂಬರ್‌ನಲ್ಲಿ ಹಗುರವಾದ, ಕಡಿಮೆ ಪೆಟ್ರೋಲ್ ಕುಡಿಯುವ ಮಾರುತಿ 800 ಬಂದ ಮೇಲೆ ಜನ ಅತ್ತ ತಿರುಗಿದರು. 2014ರಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು.

ಹಾಗಾದರೆ ಈ ಗಾಡಿಗಳು ಕೆಟ್ಟವೇ? ಅಲ್ಲ. ಗಟ್ಟಿಯಾಗಿದ್ದವು ಎಂಬುದಕ್ಕೆ ಇಂದಿಗೂ ಓಡುತ್ತಿರುವ ಯೆಜ್ಡಿಗಳೇ ಸಾಕ್ಷಿ. ಆದರೆ ಚೆನ್ನಾಗಿರುವುದು ಬೇರೆ, ಕಾಲಕ್ಕೆ ಹೊಂದುವುದು ಬೇರೆ. ಅಭಿಮಾನಿಗೆ ಭಾನುವಾರ ಮಸಿ ತೆಗೆಯುವುದೇ ಖುಷಿ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಓಡುವವನಿಗೆ ಅದೇ ಕಷ್ಟ. ಕಂಪನಿ ಹೊಗಳಿಕೆಯನ್ನಷ್ಟೇ ಕೇಳಿ, ಗಾಡಿ ಕೊಳ್ಳದೆ ಹೋದವನ ಕಾರಣವನ್ನು ಕೇಳದಿದ್ದರೆ ತಪ್ಪುವುದು ಅಲ್ಲೇ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವು. ಹೆಸರು ಹಳೆಯದು, ಎಂಜಿನ್ ಮಾತ್ರ ಫೋರ್-ಸ್ಟ್ರೋಕ್!

ಈಗ ಸರದಿ ವಿದ್ಯುತ್ ಗಾಡಿಗಳದ್ದು. ಅವುಗಳಲ್ಲಿ ಆಯಿಲ್, ಕಾರ್ಬೊರೇಟರ್, ಸೈಲೆನ್ಸರ್ ಯಾವುದೂ ಇಲ್ಲ. ಬ್ಯಾಟರಿ, ಮೋಟಾರ್, ಕಂಟ್ರೋಲರ್ ಇವೆ. ನಮ್ಮ ಕಡೂರು, ಸಖರಾಯಪಟ್ಟಣದ ಗ್ಯಾರೇಜುಗಳಲ್ಲಿ ದುಡಿಯುವವರ ಮುಂದೆಯೂ, ಪಿಯುಸಿ ಮುಗಿಸಿ ಐಟಿಐ ಅಥವಾ ಡಿಪ್ಲೊಮಾ ಸೇರಬೇಕೆಂದಿರುವ ನಮ್ಮ ಮುಂದೆಯೂ ಅಂದು ಮೈಸೂರಿನ ಕಾರ್ಖಾನೆಯ ಮುಂದಿದ್ದ ಪ್ರಶ್ನೆಯೇ ಇದೆ: ಬಲ್ಲದ್ದರಲ್ಲೇ ಉಳಿಯುವುದೋ, ಹೊಸದನ್ನು ಕಲಿಯುವುದೋ? ಭೌತಶಾಸ್ತ್ರದ ವಿದ್ಯುತ್ ಪಾಠವನ್ನು ಪರೀಕ್ಷೆಗೆಂದು ಮಾತ್ರ ಓದದೆ ಈ ದೃಷ್ಟಿಯಿಂದಲೂ ಓದೋಣ.