ಅಡಿಕೆ ಹಾಳೆಯಲ್ಲೊಂದು ಗುಡ್ಡ

ಮನೆಯ ಹಿಂದಿನ ಧರೆ ಯಾಕೆ ಜರಿಯುತ್ತದೆ ಎಂದು ಮಲೆನಾಡಿನ ಯಾವ ಮಗುವನ್ನು ಕೇಳಿದರೂ ‘ಜೋರು ಮಳೆಗೆ’ ಎನ್ನುತ್ತದೆ. ದೊಡ್ಡವರ ಉತ್ತರವೂ ಅಷ್ಟೇ. ಅದು ಅರ್ಧ ಸತ್ಯ. ಉಳಿದರ್ಧವನ್ನು ಕಲಿಸಲು ಪಠ್ಯದ ವ್ಯಾಖ್ಯೆಗಿಂತ ಒಂದು ಅಡಿಕೆ ಹಾಳೆ, ನಾಲ್ಕು ಬೊಗಸೆ ಮಣ್ಣು, ಮುಚ್ಚಳಕ್ಕೆ ತೂತು ಹೊಡೆದ ನೀರಿನ ಬಾಟಲಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಹಾಳೆಯ ಒಂದು ತುದಿಗೆ ಮಣ್ಣನ್ನು ಇಳಿಜಾರಾಗಿ ಒತ್ತಿ, ನೆತ್ತಿಯಲ್ಲಿ ಬೆಂಕಿಪೊಟ್ಟಣದ ಮನೆ ಇಟ್ಟು ನೀರು ಚಿಮುಕಿಸಿದರೆ ಮೊದಮೊದಲು ಏನೂ ಆಗುವುದಿಲ್ಲ. ಕಣಗಳ ನಡುವಿನ ತೆಳು ನೀರು ಮಣ್ಣನ್ನು ಹಿಡಿದೇ ನಿಲ್ಲಿಸುತ್ತದೆ. ಸಂದುಗಳೆಲ್ಲ ತುಂಬಿದ ಮೇಲೆ ಅದೇ ನೀರು ಕಣಗಳ ಹಿಡಿತ ಸಡಿಲಿಸುತ್ತದೆ. ಮೇಲೆ ಕೂದಲೆಳೆಯಷ್ಟು ಬಿರುಕು ಮೂಡುತ್ತದೆ, ಬೆಂಕಿಪೊಟ್ಟಣ ವಾಲುತ್ತದೆ. ಇನ್ನೊಂದು ಹಾಳೆಯಲ್ಲಿ ಅಷ್ಟೇ ಮಣ್ಣು, ಅಷ್ಟೇ ನೀರು, ಆದರೆ ಬುಡವನ್ನು ಚಮಚದಿಂದ ನೇರಕ್ಕೆ ಕಡಿದಿರಬೇಕು. ಯಾವುದು ಮೊದಲು ಬೀಳುತ್ತದೆ ಎಂದು ಮಕ್ಕಳಿಂದ ಮುಂಚೆಯೇ ಹೇಳಿಸಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇಲ್ಲದಿದ್ದರೆ ಅದು ಬರೀ ಕೆಸರಾಟ (ಅದೂ ಕೆಟ್ಟದ್ದೇನಲ್ಲ). 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಬದಿಯ ಚಹಾದಂಗಡಿ ಮಣ್ಣುಪಾಲಾಯಿತು, ಲಾರಿಯೊಂದು ಗಂಗಾವಳಿ ನದಿಯ ತಳ ಸೇರಿತು. ಎರಡನೇ ಹಾಳೆಯಲ್ಲಿ ಬುಡ ಕಡಿದ ಗುಡ್ಡ ಮೊದಲು ಬಿದ್ದದ್ದನ್ನು ನೋಡಿದ ಮಗು ಇಂಥ ಸುದ್ದಿ ಓದುವಾಗ ಮಳೆ ಎಷ್ಟು ಬಂತೆಂದು ಕೇಳಿ ಸುಮ್ಮನಾಗುವುದಿಲ್ಲ. ರಸ್ತೆಗಾಗಿ ಬುಡ ಎಷ್ಟು ಕಡಿದಿದ್ದರು ಎಂದೂ ಕೇಳುತ್ತದೆ.

ಹಾಳೆಯೊಳಗಿನ ಗುಡ್ಡ ನಿಜವಾದ ಗುಡ್ಡವಲ್ಲ ಎಂಬ ಆಕ್ಷೇಪ ಸರಿಯೇ. ಅದೇ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಮೇಲೆಲ್ಲೋ ಹೊರಟ ಕೆಸರು, ಬಂಡೆ ಕಿಲೋಮೀಟರುಗಟ್ಟಲೆ ಹರಿದು ಚೂರಲ್‌ಮಲೆ ಊರನ್ನು ನುಂಗಿದ್ದನ್ನು ಯಾವ ಹಾಳೆಯೂ ತೋರಿಸಲಾರದು. ಶಿಕ್ಷಕರು ಈ ಮಿತಿಯನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಮಕ್ಕಳು ಹೆದರುತ್ತಾರೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 2018ರ ಮಳೆಗೆ ಗುಡ್ಡ ಕುಸಿದದ್ದನ್ನು ಕಂಡ ಕೊಡಗಿನ ಮಕ್ಕಳಿಗೆ ಹೆದರಿಕೆಯನ್ನು ನಾವು ಹೊಸದಾಗಿ ಕೊಡಬೇಕಾಗಿಲ್ಲ. ಹೆದರಿದಾಗ ಏನನ್ನು ನೋಡಬೇಕೆಂಬುದೇ ಅವರಿಗೆ ಬೇಕಾದದ್ದು. 2004ರ ಡಿಸೆಂಬರ್ 26ರಂದು ಫುಕೆಟ್‌ನ ಮೈ ಖಾವೊ ಕಡಲತೀರದಲ್ಲಿ ನೊರೆಗಟ್ಟುತ್ತಿದ್ದ ನೀರನ್ನು ಕಂಡು ಸುನಾಮಿ ಬರುತ್ತದೆಂದು ಎಚ್ಚರಿಸಿದ ಇಂಗ್ಲೆಂಡಿನ ಟಿಲ್ಲಿ ಸ್ಮಿತ್‌ಗೆ ಆಗ 10 ವರ್ಷ. ಎರಡು ವಾರದ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಅದನ್ನು ಕಲಿತಿದ್ದಳು. ಅವಳದು ಕೈಯಾರೆ ಮಾಡಿದ ಪ್ರಯೋಗವೇನಲ್ಲ, ಪಾಠ ಕೇಳಿದ್ದು. ಆದರೆ ಆ ಹೊತ್ತಿಗೆ ಒದಗಿದ್ದು ವ್ಯಾಖ್ಯೆಯಲ್ಲ, ಗುರುತು.

ನಮ್ಮ ಗುಡ್ಡಗಳೂ ಗುರುತು ಕೊಡುತ್ತವೆ: ವಾಲಿದ ಕಂಬ, ಇದ್ದಕ್ಕಿದ್ದಂತೆ ಕೆಂಪಾದ ಒರತೆ, ಧರೆಯ ಮೇಲಿನ ಬಿರುಕು. ಶಾಲೆ ಶುರುವಾಗುವ ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಬಿರುಕಿನ ಎರಡೂ ಬದಿಗೆ ದೊಡ್ಡವರು ಗೂಟ ಹೊಡೆದು ಅಂತರ ಅಳೆದುಕೊಟ್ಟರೆ ಮಕ್ಕಳು ಅದನ್ನು ಬರೆದಿಡಲಿ. ವಾರದೊಳಗೆ ಅಂತರ ಹೆಚ್ಚಿದರೆ ಪಂಚಾಯಿತಿಗೆ, ಜಿಲ್ಲೆಯ 1077 ಸಹಾಯವಾಣಿಗೆ ಓದಿ ಹೇಳಲು ಒಂದು ಅಂಕಿಯಾದರೂ ಕೈಯಲ್ಲಿರುತ್ತದೆ.