ಪಾಪದ ಅರಿಕೆಯೂ ಅದನ್ನು ಕೇಳುವವರ ಹೊಣೆಯೂ

ಪಾಪದ ಅರಿಕೆಯೆಂಬದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೊಸ ಮಾತಲ್ಲ. ನಿಮ್ಮಲ್ಲಿ ಅನೇಕರು ಅದನ್ನು ವಾರವಾರವೂ ದೇವಾಲಯದಲ್ಲಿ ನುಡಿದು ಬೆಳೆದವರು. ದೇವರಿಗೆ ತಪ್ಪುಕಾಣಿಕೆಯನ್ನೊಪ್ಪಿಸುವ ಪದ್ಧತಿಯು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಇರುವದರಿಂದ, ಅನ್ಯಮತದವರಾದ ಪೋಷಕರಿಗೂ ಈ ವಿಷಯವು ದೂರವಾದದ್ದಾಗಿ ತೋರದೆಂದು ನಂಬುತ್ತೇವೆ.

1947ನೆಯ ಇಸವಿ ಸೆಪ್ಟೆಂಬರ್ 27ರಂದು ಸ್ಥಾಪಿತವಾದ ದಕ್ಷಿಣ ಭಾರತ ಸಭೆಯು 1950ರಲ್ಲಿ ಕರ್ತನ ಭೋಜನದ ಆರಾಧನಾಕ್ರಮವನ್ನು ಪ್ರಕಟಿಸಿದಾಗ, ಪಾಪದ ಅರಿಕೆಯನ್ನು ಆರಾಧನೆಯ ಆರಂಭಭಾಗದಲ್ಲಿಯೇ ಇರಿಸಿತು. ಮೊದಲು ಲೆಕ್ಕ ಒಪ್ಪಿಸಿ ಆಮೇಲೆ ಪಂಕ್ತಿಗೆ ಬರತಕ್ಕದ್ದೆಂಬದು ಯುಕ್ತವಾದ ಕ್ರಮವೇ ಸರಿ. ಸಭೆಯವರೆಲ್ಲರೂ ಕೂಡಿ ನುಡಿಯುವ ಅರಿಕೆಯು ಬಹುವಚನದಲ್ಲಿರುತ್ತದೆ. ಆ ಬಹುವಚನದಲ್ಲಿ ಸಾಂತ್ವನವುಂಟು, ಮರೆಯೂ ಉಂಟು. ನಾವೆಲ್ಲರೂ ಪಾಪಿಗಳೆಂದು ಹೇಳುವದಕ್ಕೆ ಯಾರಿಗೂ ಸಂಕೋಚವಾಗದು. ಸೋಮವಾರದಂದು ನೆರೆಮನೆಯಾಕೆಯ ವಿಷಯವಾಗಿ ಹಬ್ಬಿಸಿದ ಸುಳ್ಳು ತನ್ನದೆಂದು ಹೇಳಬೇಕಾದಾಗಲೇ ನಾಲಿಗೆಯು ತಡವರಿಸುವದು.

ಅರಿಕೆಯೆಂದರೆ ತಿಳಿಯಪಡಿಸುವದು. ಸರ್ವಜ್ಞನಾದ ದೇವರಿಗೆ ತಿಳಿಯದೆ ಇರುವದು ಏನಿದೆಯೆಂದು ಹುಡುಗಿಯರು ಕೇಳುವದುಂಟು, ಒಳ್ಳೆಯ ಪ್ರಶ್ನೆಯೇ. ಹೊಸ ಒಡಂಬಡಿಕೆಯಲ್ಲಿ ಒಪ್ಪಿಕೊಳ್ಳುವದೆಂಬುದಕ್ಕೆ ಬಳಸಿರುವ ಗ್ರೀಕ್ ಪದದ ಮೂಲಾರ್ಥವು ಅದೇ ಮಾತನ್ನು ಹೇಳುವದು ಎಂಬದಾಗಿದೆ. ದೇವರು ಯಾವದನ್ನು ಕಳ್ಳತನವೆಂದು ಕರೆಯುತ್ತಾನೋ ಅದನ್ನು ನಾವು ಮರೆವು, ಸಲಿಗೆ, ವ್ಯಾಪಾರದ ಜಾಣ್ಮೆ ಎನ್ನದೆ ಕಳ್ಳತನವೆಂದೇ ಕರೆಯುವದು ಅರಿಕೆ. ಅರಸನಾದ ಸೌಲನೂ ಅರಸನಾದ ದಾವೀದನೂ ಪಾಪಮಾಡಿದೆನೆಂದು ಒಂದೇ ಮಾತನ್ನು ಆಡಿದರು. ಸೌಲನು ಒಡನೆಯೇ ಜನರಿಗೆ ಹೆದರಿ ಹಾಗೆ ಮಾಡಿದೆನೆಂದು ಸೇರಿಸಿ, ಹಿರಿಯರ ಮುಂದೆ ತನ್ನ ಮಾನವನ್ನು ಉಳಿಸಬೇಕೆಂದು ಸಮುವೇಲನನ್ನು ಬೇಡಿಕೊಂಡನು. ದಾವೀದನಾದರೋ ನಾತಾನನ ಮುಂದೆ ಯಾವ ನೆಪವನ್ನೂ ಹೇಳಲಿಲ್ಲ.

ಅರಿಕೆಯು ಬಾಯಿಮಾತಿನಲ್ಲಿ ಮುಗಿಯತಕ್ಕದ್ದಲ್ಲವೆಂಬದನ್ನು ಅರಣ್ಯಕಾಂಡದ 5ನೆಯ ಅಧ್ಯಾಯವು ಲೆಕ್ಕಸಹಿತ ವಿಧಿಸುತ್ತದೆ. ಮೋಸಮಾಡಿದವನು ಪಾಪವನ್ನು ಅರಿಕೆಮಾಡಿ, ಮೂಲಧನವನ್ನು ಪೂರ್ತಿಯಾಗಿ ಹಿಂದಿರುಗಿಸಿ, ಅದರ ಐದನೆಯ ಒಂದು ಪಾಲನ್ನು ಕೂಡಿಸಿ, ನಷ್ಟಪಟ್ಟವನಿಗೇ ಕೊಡಬೇಕು. ಇದನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡಿರಿ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡನ್ನು ತರುವ ಬೆಳೆಗಾರರ ಮಕ್ಕಳೂ, ಅದನ್ನು ಕೊಂಡು ನೂಲು ತೆಗೆಯುವ ರೀಲರುಗಳ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಓದತಕ್ಕವರು. ಎರಡು ಹುಳುಗಳು ಕೂಡಿ ಕಟ್ಟಿದ ಜೋಡಿಗೂಡಿನ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿರುವದರಿಂದ ಅದರಿಂದ ನಯವಾದ ನೂಲು ಬರುವದಿಲ್ಲ. ಹುಳು ಒಳಗೇ ಸತ್ತು ಕಲೆಯಾದ ಗೂಡೂ ಹಾಗೆಯೇ. ಅಂಥವುಗಳನ್ನು ರಾಶಿಯ ಅಡಿಯಲ್ಲಿ ಅಡಗಿಸಿ, ಒಬ್ಬನು ಮತ್ತೊಬ್ಬನಿಗೆ 500 ರೂಪಾಯಿಯಷ್ಟು ನಷ್ಟಮಾಡಿದನೆನ್ನೋಣ. ಮೋಶೆಯ ಲೆಕ್ಕದಂತೆ ಅವನು ಹಿಂದಿರುಗಿಸಬೇಕಾದದ್ದು 600 ರೂಪಾಯಿ. ಕಾಣಿಕೆಯ ಪೆಟ್ಟಿಗೆಗೆ 600 ಹಾಕಿದರೂ ಆ ರೀಲರಿನ ಸಾಲ ತೀರದು. ತೂಕದಲ್ಲಿಯೋ ಹಣ ಕೊಡುವದರಲ್ಲಿಯೋ ಬೆಳೆಗಾರನನ್ನು ವಂಚಿಸಿದ ರೀಲರಿಗೂ, ಬೇರೆ ಮರದ ಬೊಂಬೆಯನ್ನು ಆಲೆಮರದ್ದೆಂದು ಚನ್ನಪಟ್ಟಣದಲ್ಲಿ ಮಾರಿದವನಿಗೂ ಇದೇ ಲೆಕ್ಕ. ಯೆರಿಕೋವಿನ ಜಕ್ಕಾಯನು ನಾಲ್ಕರಷ್ಟು ಕೊಡುವೆನೆಂದು ಮುಂದೆ ಬಂದದ್ದು ಈ ವಿಧಿಯನ್ನೂ ಮೀರಿದ ಔದಾರ್ಯ.

ಇಷ್ಟನ್ನು ಬೋಧಕರು ಎಲ್ಲರಿಗೂ ಹೇಳಿಯೇ ಇರುತ್ತಾರೆ. ಕೇಳುವವರ ಹೊಣೆಯ ಕುರಿತು ಹೇಳುವವರು ವಿರಳ. ಆದ ಕಾರಣ ತಾಯಿತಂದೆಗಳ ಗಮನವನ್ನು ಅತ್ತ ಸೆಳೆಯಬಯಸುತ್ತೇವೆ.

ಕನಕಪುರದ ಸೀಮೆಯ ಹಾರೋಬೆಲೆಯಲ್ಲಿ ಊರ ಕಥೋಲಿಕ ಕ್ರೈಸ್ತರು ಯೇಸುಸ್ವಾಮಿಯ ಪಾಡುಗಳ ನಾಟಕವನ್ನು ಬಹುಕಾಲದಿಂದ ಆಡುತ್ತ ಬಂದಿದ್ದಾರೆ. ಆ ಪಾಡಿನ ಕಥೆಯಲ್ಲಿ ಬರುವ ಯೂದನನ್ನು ಎಲ್ಲರೂ ಹಳಿಯುವರು. ಆದರೆ ಮತ್ತಾಯನ ಸುವಾರ್ತೆಯ 27ನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ಯೂದನು ಪಶ್ಚಾತ್ತಾಪಪಟ್ಟನು, ತನ್ನ ಪಾಪವನ್ನು ಹೆಸರಿಟ್ಟು ಹೇಳಿದನು, 30 ಬೆಳ್ಳಿನಾಣ್ಯಗಳನ್ನು ಹಿಂದಕ್ಕೆ ತಂದನು. ಆ ಅರಿಕೆಯನ್ನು ಕೇಳಿದ ಮಹಾಯಾಜಕರು ಅದು ತಮಗೆ ಸಂಬಂಧಿಸಿದ್ದಲ್ಲ, ನೀನೇ ನೋಡಿಕೊ ಎಂದು ಅವನನ್ನು ಅಟ್ಟಿಬಿಟ್ಟರು. ಅವನು ಅಲ್ಲಿಂದ ಹೋಗಿ ಪ್ರಾಣವನ್ನು ಕಳಕೊಂಡನು. ಅದೇ ರಾತ್ರಿ ಮೂರಾವರ್ತಿ ಸುಳ್ಳಾಡಿದ ಪೇತ್ರನಿಗಾದರೋ ಗಲಿಲಾಯದ ಸಮುದ್ರತೀರದಲ್ಲಿ ಸ್ವಾಮಿಯು ಕೆಂಡದ ಮೇಲೆ ಮೀನು ಸುಟ್ಟು, ಮೊದಲು ಊಟಕ್ಕೆ ಕರೆದು, ಆಮೇಲೆ ಮೂರು ಸಾರಿ ಪ್ರಶ್ನೆ ಕೇಳಿದನು. ಯೂದನ ತಪ್ಪು ಯಾಜಕರ ತಪ್ಪಿನಿಂದ ಕಡಿಮೆಯಾಗುವದಿಲ್ಲ. ಆದರೂ ತಪ್ಪನ್ನು ಹೇಳಿಕೊಂಡು ಬಂದವರಿಗೆ ಬಾಗಿಲು ಮುಚ್ಚುವದೆಂದರೆ ಏನೆಂಬದನ್ನು ಆ ಅಧ್ಯಾಯವು ತೋರಿಸುತ್ತದೆ.

ಕೇಳುವವರಿಗೆ ಗುಟ್ಟನ್ನು ಕಾಯುವ ಹೊಣೆಯೂ ಉಂಟು. 1215ರಲ್ಲಿ ರೋಮಿನಲ್ಲಿ ಕೂಡಿದ ಲ್ಯಾಟರನ್ ಮಹಾಸಭೆಯು ವರ್ಷಕ್ಕೊಮ್ಮೆಯಾದರೂ ಗುರುವಿನ ಮುಂದೆ ಪಾಪನಿವೇದನೆ ಮಾಡಬೇಕೆಂದು ವಿಧಿಸಿದಾಗ, ಕೇಳಿದ್ದನ್ನು ಹೊರಗೆಡಹುವ ಗುರುವಿಗೆ ಕಠಿಣ ದಂಡನೆಯನ್ನೂ ವಿಧಿಸಿತು. ಜಾನ್ ವೆಸ್ಲಿಯವರು 1738ರಲ್ಲಿ ಚಿಕ್ಕ ಕೂಟಗಳಿಗೆ ನಿಯಮಗಳನ್ನು ಬರೆದು, ಹಿಂದಿನ ಕೂಟದಿಂದೀಚೆಗೆ ಮಾಡಿದ ಪಾಪಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವಂತೆ ಏರ್ಪಡಿಸಿದರು. ಮಗಳು ಅಳುತ್ತ ಹೇಳಿದ್ದನ್ನು ಮರುದಿನ ಅತ್ತಿಗೆ ನಾದಿನಿಯರ ಮುಂದೆ ನಗುತ್ತ ಹೇಳುವ ತಾಯಿಯು ಎರಡನೆಯ ಅರಿಕೆಯನ್ನು ಕೇಳಲಾರಳು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ತಾನು ಮಾಡಿದ್ದನ್ನು ಹೇಳುವದು ಅರಿಕೆ. ತನ್ನ ಮೇಲೆ ಬೇರೊಬ್ಬರು ನಡಿಸಿದ ಅನ್ಯಾಯವನ್ನು ಹೇಳುವದು ದೂರು. ದೊಡ್ಡವನೊಬ್ಬನು ತನ್ನೊಂದಿಗೆ ಕೆಟ್ಟದಾಗಿ ನಡೆದುಕೊಂಡನೆಂದು ಹುಡುಗಿಯೊಬ್ಬಳು ಹೇಳಿದರೆ, ಅವಳ ಬಾಯಿಂದ ಕ್ಷಮೆ ಕೇಳಿಸುವದು ಘೋರವಾದ ಅಪಚಾರ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯಿದೆಯ ಪ್ರಕಾರ ಅಂಥ ಸಂಗತಿಯನ್ನು ಅರಿತವರು ಪೊಲೀಸರಿಗೆ ತಿಳಿಸಲೇಬೇಕು. ಕುಟುಂಬದ ಮಾನದ ಹೆಸರಿನಲ್ಲಾಗಲಿ ಸಭೆಯ ಹೆಸರಿನಲ್ಲಾಗಲಿ ಅದನ್ನು ಗುಟ್ಟಾಗಿಡಕೂಡದು.

ಉಳಿದ ದಿನನಿತ್ಯದ ತಪ್ಪುಗಳಲ್ಲಿ ಶಾಲೆಗಳವರಿಗೆ ಬಹಳ ಪರಿಚಿತವಾದದ್ದು, ಅಂಕಪಟ್ಟಿಗೆ ತಂದೆಯ ಸಹಿಯನ್ನು ಹುಡುಗಿಯೇ ಹಾಕಿಕೊಂಡು ಬರುವದು. ಗಣಿತದಲ್ಲಿ ಅಂಕ ಕಡಿಮೆಯಾದ ಹುಡುಗಿಯು ಸುಳ್ಳುಸಹಿ ಹಾಕುವದು ಹೆಚ್ಚಾಗಿ ಏಟಿನ ಭಯದಿಂದ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಯಲ್ಲಿ ಮಕ್ಕಳನ್ನು ದೈಹಿಕವಾಗಿ ದಂಡಿಸುವದನ್ನೂ ಮಾನಸಿಕವಾಗಿ ಹಿಂಸಿಸುವದನ್ನೂ ನಿಷೇಧಿಸಿದೆ. ಮನೆಗಳಲ್ಲಿ ಬೆತ್ತವು ಇನ್ನೂ ಮೂಲೆಯಲ್ಲಿ ನಿಂತಿರಬಹುದು. ನಿಜ ಹೇಳಿದಾಗಲೂ ಸುಳ್ಳು ಹೇಳಿದಾಗಲೂ ಸಮನಾಗಿ ಏಟು ಬೀಳುವ ಮನೆಯಲ್ಲಿ, ಸುಳ್ಳಿಗಾದರೂ ತಪ್ಪಿಸಿಕೊಳ್ಳುವ ಅವಕಾಶವುಂಟೆಂದು ಮಗುವು ಎಣಿಕೆ ಹಾಕುವದು. ಪ್ರಾರ್ಥನಾಕೂಟದಲ್ಲಿ ಅಂಥವಳನ್ನು ಎದ್ದುನಿಲ್ಲಿಸುವದು ನಮಗೆ ಸಮ್ಮತವಲ್ಲ. ಅವಳೇ ಅಂಕಪಟ್ಟಿಯನ್ನು ಮನೆಗೆ ಕೊಂಡುಹೋಗಿ, ಸಹಿ ಹಾಕಿದವಳು ತಾನೆಂದೂ ಅಂಕಗಳು ಇಷ್ಟೆಂದೂ ತಂದೆಗೆ ಹೇಳತಕ್ಕದ್ದು. ತಂದೆಯವರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಆ ಸಾಯಂಕಾಲ ಕೈಯಲ್ಲಿರುವ ಕೆಲಸವನ್ನು ಬಿಟ್ಟು ಕುಳಿತುಕೊಳ್ಳಿರಿ, ಮಾತು ಮುಗಿಯುವ ತನಕ ನಡುವೆ ಬಾಯಿ ಹಾಕದಿರಿ. ಊಟವಾದ ಮೇಲೆ ಗಣಿತದ ಪುಸ್ತಕವನ್ನು ತರಹೇಳಿರಿ. ಸಹಿ ಹಾಕುವದು ಆಮೇಲಾಗಲಿ.